ಜಾಗ್ವಾರ್ ಕಾರಿಗೆ ಹೊಸ ಗುಂಡಿಗೆ

ಮೋಟಾರು ಕಾರಿನ ಹೊರಮೈಯನ್ನು ಎಲ್ಲರೂ ನೋಡುತ್ತಾರೆ. ಬಣ್ಣದ ಹೊಳಪು, ಆಸನಗಳ ತೊಗಲು, ಮುಂದಿನ ದೀಪಗಳ ಚೆಲುವು ಇವೆಲ್ಲ ಕೂಡಲೇ ಮೆಚ್ಚುಗೆಗೆ ಪಾತ್ರವಾಗುತ್ತವೆ. ಆದರೆ ಆ ಚೆಲುವನ್ನೆಲ್ಲ ಹೊತ್ತು ಓಡುವ ಶಕ್ತಿ ಹುಟ್ಟುವುದು ಮುಚ್ಚಳದ ಕೆಳಗೆ, ಎಣ್ಣೆ ಮಸಿಗಳ ನಡುವೆ ಕುಳಿತ ಬೀಡುಕಬ್ಬಿಣದ ಒಂದು ಗಟ್ಟಿಯಲ್ಲಿ. ಅದಕ್ಕೆ ಎಂಜಿನ್ ಬ್ಲಾಕು ಎಂದು ಹೆಸರು. ಸಿಲಿಂಡರುಗಳನ್ನು ಕೊರೆದಿರುವುದು ಅದರಲ್ಲಿ. ಪಿಸ್ಟನ್ನುಗಳು ಏರಿಳಿಯುವುದು ಅದರಲ್ಲಿ. ಕ್ರ್ಯಾಂಕ್ ಶಾಫ್ಟು ತಿರುಗುವುದು ಅದರ ಅಡಿಯಲ್ಲಿ. ನೀರು ಮತ್ತು ಎಣ್ಣೆ ಹರಿಯುವ ಕಾಲುವೆಗಳೂ ಅದರ ಒಡಲಲ್ಲಿಯೇ. ಉಳಿದ ಭಾಗಗಳೆಲ್ಲ ಅದಕ್ಕೆ ಬಂದು ಸೇರುವ ಬಂಧುಗಳಿದ್ದಂತೆ.

ಈ ಗಟ್ಟಿಯ ಮೈಮೇಲೆ ಕಾರ್ಖಾನೆಯವರು ಒಂದು ಸಂಖ್ಯೆಯನ್ನು ಒತ್ತಿರುತ್ತಾರೆ. ಅದೇ ಎಂಜಿನ್ ಸಂಖ್ಯೆ. ನಮ್ಮ ನಾಡಿನ ವಾಹನ ನೋಂದಣಿ ಪತ್ರದಲ್ಲಿಯೂ ಚಾಸಿ ಸಂಖ್ಯೆಯ ಜೊತೆಯಲ್ಲಿ ಕಾಣುವುದು ಇದೇ. ಅರವತ್ತು ವರ್ಷಗಳ ಹಳೆಯ ಕಾರೊಂದರ ಬ್ಲಾಕು ಒಡೆದುಹೋದರೆ ಬೇರೊಂದನ್ನು ಕೂಡಿಸಬಹುದು. ಕಾರು ಮತ್ತೆ ಓಡುತ್ತದೆ. ಆದರೆ ಆಗ ಅದು ಅದೇ ಕಾರೇ, ಅಥವಾ ಬೇರೆಯದೇ? ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಪ್ರೀತಿಸುವ ಇಂಗ್ಲೆಂಡಿನ ಜನ ಈ ಪ್ರಶ್ನೆಯನ್ನು ಬಹುಕಾಲದಿಂದ ಚರ್ಚಿಸುತ್ತ ಬಂದಿದ್ದಾರೆ. ಮೇಲುನೋಟಕ್ಕೆ ಇದು ಶ್ರೀಮಂತರ ಹವ್ಯಾಸವೆಂದು ತೋರಬಹುದು. ಒಳಹೊಕ್ಕು ನೋಡಿದರೆ ಇದರಲ್ಲಿ ದುಡಿಮೆಯ ಪ್ರಶ್ನೆಯೂ ಇದೆ, ಸತ್ಯದ ಪ್ರಶ್ನೆಯೂ ಇದೆ. ಆದುದರಿಂದಲೇ ಜಾಗ್ವಾರ್ ಕಂಪನಿಯ ಪ್ರಸಿದ್ಧ ಇ-ಟೈಪ್ ಕಾರನ್ನು ನಿದರ್ಶನವಾಗಿಟ್ಟುಕೊಂಡು ಓದುಗ ಬಂಧುಗಳ ಮುಂದೆ ಈ ವಿಷಯವನ್ನು ಇಡುತ್ತಿದ್ದೇವೆ.

ಇಂಗ್ಲೆಂಡಿನ ಕವೆಂಟ್ರಿ ನಗರ ಯಂತ್ರೋದ್ಯಮಕ್ಕೆ ಹೆಸರಾದುದು. ಎರಡನೆಯ ಮಹಾಯುದ್ಧದಲ್ಲಿ, 1940ರ ನವೆಂಬರ್ 14ರ ರಾತ್ರಿ, ಜರ್ಮನಿಯ ವಿಮಾನಗಳ ಬಾಂಬುದಾಳಿಗೆ ಆ ನಗರ ಉರಿದುಹೋಯಿತು. ಅಂಥ ದಿನಗಳಲ್ಲಿ ಕಾರ್ಖಾನೆಗಳ ಮಾಳಿಗೆಯ ಮೇಲೆ ಬೆಂಕಿ ಕಾಯುವ ಸರದಿ ಇರುತ್ತಿತ್ತು. ಜಾಗ್ವಾರ್ ಸಂಸ್ಥೆಯ ಒಡೆಯ ವಿಲಿಯಂ ಲಯನ್ಸ್ ತನ್ನ ಎಂಜಿನಿಯರುಗಳಾದ ವಿಲಿಯಂ ಹೇನ್ಸ್, ವಾಲ್ಟರ್ ಹ್ಯಾಸನ್, ಕ್ಲಾಡ್ ಬೇಲಿ ಇವರೊಡನೆ ಹಾಗೆ ಕಾವಲು ಕೂತ ರಾತ್ರಿಗಳಲ್ಲಿಯೇ ಯುದ್ಧಾನಂತರದ ಹೊಸ ಎಂಜಿನ್ನಿನ ಕಲ್ಪನೆ ಮೂಡಿತೆಂದು ಹೇಳುತ್ತಾರೆ. ಆಕಾಶದಿಂದ ಬೆಂಕಿ ಬೀಳುವ ಹೊತ್ತಿನಲ್ಲಿ ಯುದ್ಧ ಮುಗಿದ ಮೇಲಿನ ಬದುಕನ್ನು ಕುರಿತು ಯೋಚಿಸಿದವರ ಧೈರ್ಯವನ್ನು ಮೆಚ್ಚಲೇಬೇಕು. ಹೀಗೆ ರೂಪುಗೊಂಡ ಎಕ್ಸ್‌ಕೆ ಎಂಬ ಆರು ಸಿಲಿಂಡರಿನ ಎಂಜಿನ್ 1948ರ ಲಂಡನ್ ಮೋಟಾರು ಪ್ರದರ್ಶನದಲ್ಲಿ ಎಕ್ಸ್‌ಕೆ 120 ಎಂಬ ಕಾರಿನೊಡನೆ ಜನರ ಕಣ್ಣಿಗೆ ಬಿತ್ತು. ಬೀಡುಕಬ್ಬಿಣದ ಬ್ಲಾಕು, ಅದರ ಮೇಲೆ ಅಲ್ಯೂಮಿನಿಯಮ್ಮಿನ ಹೆಡ್, ಹೆಡ್ಡಿನಲ್ಲಿ ಎರಡು ಕ್ಯಾಮ್ ಶಾಫ್ಟುಗಳು, ಕೆಳಗೆ ಏಳು ಬೇರಿಂಗುಗಳ ಮೇಲೆ ತಿರುಗುವ ಕ್ರ್ಯಾಂಕ್ ಶಾಫ್ಟು: ಆ ಕಾಲಕ್ಕೆ ಮಾರುಕಟ್ಟೆಯ ಕಾರಿನಲ್ಲಿ ಇಂಥ ಏರ್ಪಾಡು ಅಪರೂಪವಾಗಿತ್ತು. ಫ್ರಾನ್ಸಿನ ಲ ಮಾನ್ಸ್ ಊರಿನ 24 ಗಂಟೆಗಳ ಓಟದಲ್ಲಿ 1951, 1953, 1955, 1956 ಮತ್ತು 1957ರಲ್ಲಿ ಗೆದ್ದದ್ದು ಇದೇ ಎಂಜಿನ್. ಬ್ರಿಟಿಷ್ ಸೈನ್ಯದ ಸ್ಕಾರ್ಪಿಯನ್ ಎಂಬ ಹಗುರ ಟ್ಯಾಂಕಿನಲ್ಲಿಯೂ ಇದರ ಒಂದು ರೂಪ ದುಡಿಯಿತು. 1992ರವರೆಗೆ ಇದರ ತಯಾರಿಕೆ ನಡೆಯಿತೆಂದರೆ ಅದರ ಗಟ್ಟಿತನವನ್ನು ಊಹಿಸಬಹುದು.

ಮೊದಲಿನ ಎಂಜಿನ್ನಿನಲ್ಲಿ ಸಿಲಿಂಡರಿನ ಅಡ್ಡಳತೆ 83 ಮಿಲಿಮೀಟರ್, ಪಿಸ್ಟನ್ ಏರಿಳಿಯುವ ದೂರ 106 ಮಿಲಿಮೀಟರ್. ಹೆಚ್ಚಿನ ಶಕ್ತಿಗಾಗಿ ಮುಂದೆ ಅಡ್ಡಳತೆಯನ್ನು 87 ಮಿಲಿಮೀಟರಿಗೆ ಹಿಗ್ಗಿಸಿದರು. ಹಾಗೆ ಹಿಗ್ಗಿಸಿದಾಗ ಗೋಡೆ ತೆಳುವಾಯಿತು. ಅದಕ್ಕಾಗಿ ಪ್ರತಿ ಸಿಲಿಂಡರಿನೊಳಗೆ ಕಬ್ಬಿಣದ ಒಳಗೊಳವೆ, ಎಂದರೆ ಲೈನರ್ ಕೂಡಿಸಿದರು. ಇದು 3.8 ಲೀಟರಿನ ಎಂಜಿನ್. 1961ರ ಮಾರ್ಚ್ ತಿಂಗಳಲ್ಲಿ ಜಿನೀವಾ ಪ್ರದರ್ಶನದಲ್ಲಿ ಬೆಳಕಿಗೆ ಬಂದ ಇ-ಟೈಪ್ ಕಾರಿನ ಉದ್ದ ಮೂತಿಯೊಳಗೆ ಇದ್ದುದು ಇದೇ. ಗಂಟೆಗೆ 150 ಮೈಲಿ ಓಡಬಲ್ಲ ಕಾರೆಂದು ಕಂಪನಿ ಅದನ್ನು ಸಾರಿತು. ಚೆಲುವಿನ ಮಾತಂತೂ ಹೇಳಬೇಕಾದುದಿಲ್ಲ. ನ್ಯೂಯಾರ್ಕಿನ ಆಧುನಿಕ ಕಲೆಯ ಸಂಗ್ರಹಾಲಯ 1996ರಲ್ಲಿ ಒಂದು ಇ-ಟೈಪ್ ಕಾರನ್ನು ಶಿಲ್ಪದಂತೆ ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. 1964ರಲ್ಲಿ 4.2 ಲೀಟರಿನ ಎಂಜಿನ್ ಬಂದಿತು.

ಇಷ್ಟು ಗಟ್ಟಿಯಾದ ಬ್ಲಾಕು ಸಾಯುವುದು ಹೇಗೆ? ಮುಖ್ಯ ಶತ್ರು ನೀರು. ಎಂಜಿನ್ನನ್ನು ತಂಪಾಗಿಡಲು ಸಿಲಿಂಡರುಗಳ ಸುತ್ತ ನೀರು ಹರಿಯುತ್ತದೆ. ಅದರಲ್ಲಿ ತಕ್ಕ ದ್ರಾವಣವನ್ನು ಬೆರೆಸದೆ ವರುಷಗಟ್ಟಲೆ ಬಿಟ್ಟರೆ ಒಳಗಿನಿಂದ ತುಕ್ಕು ತಿನ್ನುತ್ತದೆ. ತುಕ್ಕಿನ ಕೆಸರು ಹಿಂದಿನ ಸಿಲಿಂಡರುಗಳ ಬುಡದಲ್ಲಿ ಗಟ್ಟಿಯಾಗಿ ಕೂರುತ್ತದೆ. ಅಲ್ಲಿ ಕಾವು ಹೆಚ್ಚಿ ಲೋಹ ಬಿರುಕುಬಿಡುತ್ತದೆ. ಶೀತದೇಶದ ಚಳಿಗಾಲ ಇನ್ನೊಂದು ಆಪತ್ತು. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಬೀಡುಕಬ್ಬಿಣ ಬಾಗುವ ಜಾತಿಯದಲ್ಲ, ಸೀಳುವ ಜಾತಿಯದು. ಬ್ಲಾಕಿನ ಮಗ್ಗುಲಲ್ಲಿರುವ ದುಂಡನೆಯ ತಗಡಿನ ಬಿರಡೆಗಳು ಹಿಮಗಟ್ಟಿದಾಗ ಹಾರಿಹೋಗಿ ಅದನ್ನು ಕಾಪಾಡುವುದಕ್ಕಾಗಿಯೇ ಇವೆಯೆಂದು ಅನೇಕರು ನಂಬಿದ್ದಾರೆ. ವಾಸ್ತವವಾಗಿ ಅವು ಎರಕದ ಹೊತ್ತಿನಲ್ಲಿ ಒಳಗೆ ಉಳಿದ ಮರಳನ್ನು ಹೊರತೆಗೆಯಲು ಬಿಟ್ಟ ಕಂಡಿಗಳನ್ನು ಮುಚ್ಚುವ ಬಿರಡೆಗಳು. ಕೆಲವೊಮ್ಮೆ ಅವು ಬ್ಲಾಕನ್ನು ಉಳಿಸಿದ್ದುಂಟು, ಬಹಳ ಸಲ ಉಳಿಸಲಾಗದೆ ಹೋದದ್ದೂ ಉಂಟು. ಇನ್ನು ವೇಗದ ಓಟದಲ್ಲಿ ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕಿನ ಗೋಡೆಯನ್ನೇ ತೂರಿ ಹೊರಬಂದರೆ ಅದು ಅಪಮೃತ್ಯುವೇ ಸರಿ.

ಸಿಲಿಂಡರು ಸವೆಯುವುದು ಬೇರೆ ಮಾತು. ನಮ್ಮ ಊರುಗಳಲ್ಲಿ ಟ್ರ್ಯಾಕ್ಟರು, ಪಂಪ್‌ಸೆಟ್ಟುಗಳನ್ನು ಬಲ್ಲವರಿಗೆ ಬೋರ್ ಮಾಡಿಸುವುದು, ಲೈನರ್ ಬದಲಿಸುವುದು ಹೊಸದಲ್ಲ. ಜಾಗ್ವಾರಿಗೂ ಅದೇ ಚಿಕಿತ್ಸೆ ಸಲ್ಲುತ್ತದೆ. ಗೋಡೆಯೇ ಸೀಳಿದಾಗ ಮಾತ್ರ ಒಡೆಯನ ಮುಂದೆ ಕೆಲವು ದಾರಿಗಳು ಉಳಿಯುತ್ತವೆ. ಒಂದು, ಲೋಹದ ಹೊಲಿಗೆ. ಬಿರುಕಿನ ಗುಂಟ ಸಾಲಾಗಿ ರಂಧ್ರ ಕೊರೆದು, ಒಂದಕ್ಕೊಂದು ಹೆಣೆಯುವಂತೆ ತಿರುಪಿನ ಮೊಳೆಗಳನ್ನು ಬಿಗಿದು, ಅಡ್ಡಲಾಗಿ ಲೋಹದ ಕೀಲಿಗಳನ್ನು ಬಡಿದು, ಮೇಲೆ ನಯಗೊಳಿಸುತ್ತಾರೆ. ಬೆಸುಗೆಯ ಕಾವಿಗೆ ಬೀಡುಕಬ್ಬಿಣ ಮತ್ತೆ ಬಿರಿಯುವ ಭಯವಿರುವುದರಿಂದ ತಣ್ಣಗೆ ನಡೆಯುವ ಈ ಕೆಲಸಕ್ಕೆ ಬೆಲೆ ಹೆಚ್ಚು. ಇನ್ನೊಂದು ದಾರಿ, ಬೇರೊಂದು ಹಳೆಯ ಬ್ಲಾಕನ್ನು ಹುಡುಕುವುದು. 3.8 ಲೀಟರಿನ ಎಂಜಿನ್ ಮಾರ್ಕ್ 2, ಮಾರ್ಕ್ ಎಕ್ಸ್ ಮುಂತಾದ ಜಾಗ್ವಾರ್ ಸೆಡಾನುಗಳಲ್ಲಿಯೂ ಇದ್ದುದರಿಂದ ಗುಜರಿಗೆ ಬಿದ್ದ ಸೆಡಾನಿನ ಬ್ಲಾಕು ಇ-ಟೈಪಿಗೆ ಬರುವುದುಂಟು.

ಮೂರನೆಯ ದಾರಿ ತೆರೆದದ್ದು 2019ರಲ್ಲಿ. ಜಾಗ್ವಾರ್ ಸಂಸ್ಥೆಯ ಹಳೆಯ ಕಾರುಗಳ ವಿಭಾಗ, ತನ್ನ ಉಗ್ರಾಣದಲ್ಲಿದ್ದ ಮೂಲ ನಕ್ಷೆಗಳನ್ನು ಆಧರಿಸಿ, 3.8 ಲೀಟರಿನ ಬ್ಲಾಕನ್ನು ಬೀಡುಕಬ್ಬಿಣದಲ್ಲಿಯೇ ಹೊಸದಾಗಿ ಎರಕ ಹೊಯ್ಯಿಸಿ ಮಾರಾಟಕ್ಕಿಟ್ಟಿತು. 1958ರಿಂದ 1968ರವರೆಗಿನ ಕಾರುಗಳಿಗೆ ಇದು ಒಪ್ಪುತ್ತದೆ. ಆಗಿನ ಬೆಲೆ 14,340 ಪೌಂಡ್. ನಮ್ಮ ಹಣದಲ್ಲಿ ಸುಮಾರು ಹನ್ನೆರಡು ಲಕ್ಷ ರೂಪಾಯಿಗಳು. ಬರಿಯ ಬ್ಲಾಕಿಗೆ ಇಷ್ಟು ಹಣವೇ ಎಂದು ನಮ್ಮ ಗೃಹಿಣಿಯರು ಹುಬ್ಬೇರಿಸಿದರೆ ತಪ್ಪಿಲ್ಲ. ಆದರೆ ಎರಕದ ಕಷ್ಟವನ್ನು ಬೆಳಗಾವಿಯ ಎರಕದ ಕಾರ್ಖಾನೆಗಳಲ್ಲಿ ದುಡಿಯುವವರನ್ನು ಕೇಳಬೇಕು. ನೀರಿನ ದಾರಿಗಳ ಆಕಾರವನ್ನೆಲ್ಲ ಮರಳಿನಲ್ಲಿ ಮಾಡಿ ಅಚ್ಚಿನೊಳಗೆ ನಿಲ್ಲಿಸಬೇಕು; ಕರಗಿದ ಕಬ್ಬಿಣ ಹರಿದುಬಂದಾಗ ಅದು ಕದಲಬಾರದು; ಒಂದು ಕಡೆ ಕದಲಿದರೆ ಗೋಡೆ ಒಂದು ಮಗ್ಗುಲಿಗೆ ದಪ್ಪ, ಇನ್ನೊಂದು ಮಗ್ಗುಲಿಗೆ ತೆಳು. ಈ ಜಾಗ್ವಾರ್ ಸಂಸ್ಥೆ 2008ರಲ್ಲಿ ನಮ್ಮ ಟಾಟಾ ಮೋಟಾರ್ಸಿನ ಒಡೆತನಕ್ಕೆ ಬಂದಿತೆಂಬುದನ್ನು ಇಲ್ಲಿ ನೆನೆಯಬಹುದು.

ಬ್ಲಾಕು ಬಂದಿತೆಂದರೆ ಕೆಲಸ ಮುಗಿಯಲಿಲ್ಲ, ಈಗ ಮೊದಲಾಯಿತು. ಇ-ಟೈಪ್ ಕಾರಿನ ಮುಂಭಾಗ ಕೊಳವೆಗಳನ್ನು ಬೆಸೆದು ಮಾಡಿದ ಒಂದು ಪಂಜರ. ಎಂಜಿನ್ ಅದರ ನಡುವೆ ಕೂತಿರುತ್ತದೆ. ಇಡೀ ಮೂತಿಯೇ ಮುಚ್ಚಳದಂತೆ ಮುಂದಕ್ಕೆ ತೆರೆದುಕೊಳ್ಳುತ್ತದೆ. ಎಂಜಿನ್ ತೆಗೆಯಬೇಕಾದರೆ ಆ ದೊಡ್ಡ ಮುಚ್ಚಳವನ್ನೇ ಕಳಚಿ ದೂರ ಇಡಬೇಕು. ರೇಡಿಯೇಟರು, ಮೂರು ಎಸ್.ಯು. ಕಾರ್ಬ್ಯುರೇಟರುಗಳು, ತಂತಿ, ಕೊಳವೆಗಳೆಲ್ಲ ಬಿಚ್ಚಬೇಕು; ಎಂಜಿನ್ ಮತ್ತು ಗೇರುಪೆಟ್ಟಿಗೆಗಳನ್ನು ಒಟ್ಟಿಗೆ ಹೊರತರಬೇಕು. ಎರಡೂ ಸೇರಿ ಕಾಲು ಟನ್ನಿಗಿಂತ ಹೆಚ್ಚಿನ ಭಾರ. ಬಿಚ್ಚಿದ ಪ್ರತಿಯೊಂದು ಬೋಲ್ಟಿಗೂ ಚೀಟಿ ಕಟ್ಟಿ ಇಡುವ ಕೆಲಸಗಾರ ಮುಂದೆ ಒಂದು ವಾರ ಉಳಿಸುತ್ತಾನೆ.

ಹೊಸ ಬ್ಲಾಕನ್ನು ಮೊದಲು ತೊಳೆಯಬೇಕು. ಇದು ಹೇಳುವುದಕ್ಕೆ ಸಣ್ಣ ಮಾತು, ಮಾಡುವುದಕ್ಕೆ ದೊಡ್ಡ ಕೆಲಸ. ಎಣ್ಣೆಯ ಕಾಲುವೆಗಳ ತುದಿಯ ಬಿರಡೆಗಳನ್ನು ತೆಗೆದು, ಉದ್ದನೆಯ ಕುಂಚ ತೂರಿಸಿ, ಬಿಸಿನೀರು ಸಾಬೂನುಗಳಿಂದ ಉಜ್ಜಿ, ಗಾಳಿ ಊದಿ, ಕೂಡಲೇ ಎಣ್ಣೆ ಸವರಬೇಕು. ತಡಮಾಡಿದರೆ ಕಣ್ಣೆದುರಿಗೇ ಕಂದು ಬಣ್ಣದ ತುಕ್ಕು ಮೂಡುತ್ತದೆ. ಕೊರೆತದಲ್ಲಿ ಉಳಿದ ಒಂದು ಸಣ್ಣ ಲೋಹದ ಚೂರು ಬೇರಿಂಗಿಗೆ ಸಿಕ್ಕರೆ ಹನ್ನೆರಡು ಲಕ್ಷದ ಬ್ಲಾಕು ಹನ್ನೆರಡು ನಿಮಿಷದಲ್ಲಿ ಕೆಟ್ಟೀತು. ನಮ್ಮ ಅಡುಗೆಮನೆಯಲ್ಲಿ ಹಾಲಿನ ಪಾತ್ರೆಯನ್ನು ತೊಳೆಯುವ ನಿಷ್ಠೆ ಇಲ್ಲಿಯೂ ಬೇಕು.

ಅನಂತರ ಅಳತೆ. ಲೇತ್ ಕೆಲಸದವರು ‘ಥೌ’ ಎನ್ನುವ ಇಂಚಿನ ಸಾವಿರದಲ್ಲೊಂದು ಭಾಗವೇ ಇಲ್ಲಿ ಮಾನದಂಡ. ಏಳು ಬೇರಿಂಗುಗಳ ಮನೆಗಳೂ ಒಂದೇ ಗೆರೆಯಲ್ಲಿವೆಯೇ ಎಂದು ನೋಡಬೇಕು. ಬೇರಿಂಗು ಮತ್ತು ಶಾಫ್ಟಿನ ನಡುವೆ ಎಣ್ಣೆ ನಿಲ್ಲುವಷ್ಟು ಸಂದು ಇರಬೇಕು, ಹೆಚ್ಚಿರಬಾರದು. ಅದನ್ನು ತಿಳಿಯಲು ಮೇಣದಂಥ ಪ್ಲಾಸ್ಟಿಕ್ ಎಳೆಯೊಂದನ್ನು ನಡುವೆ ಇಟ್ಟು, ಬೋಲ್ಟುಗಳನ್ನು ಗೊತ್ತಾದ ಬಲದಿಂದ ಬಿಗಿದು, ಮತ್ತೆ ಬಿಚ್ಚಿ, ಎಳೆ ಎಷ್ಟು ಅಗಲಕ್ಕೆ ಚಪ್ಪಟೆಯಾಗಿದೆಯೆಂದು ಅಳೆಯುತ್ತಾರೆ. ಎಳೆ ಅಗಲವಾಗಿದ್ದಷ್ಟೂ ಸಂದು ಕಿರಿದು. ಪಿಸ್ಟನ್ ರಿಂಗುಗಳನ್ನು ಒಂದೊಂದಾಗಿ ಸಿಲಿಂಡರಿನೊಳಗೆ ಇಳಿಸಿ ಅವುಗಳ ತುದಿಗಳ ನಡುವಣ ಬಿಡುವನ್ನೂ ನೋಡಬೇಕು. ಬಿಡುವಿಲ್ಲದ ರಿಂಗು ಕಾದಾಗ ಹಿಗ್ಗಿ ಗೋಡೆಯನ್ನು ಗೀರುತ್ತದೆ.

ಜಾಗ್ವಾರಿನಲ್ಲಿ ಒಂದು ವಿಚಿತ್ರವುಂಟು. ಬಹುತೇಕ ಎಂಜಿನ್ನುಗಳಲ್ಲಿ ಮುಂದಿನದು ಮೊದಲನೆಯ ಸಿಲಿಂಡರು. ಈ ಎಂಜಿನ್ನಿನಲ್ಲಿ ಎಣಿಕೆ ಹಿಂದಿನಿಂದ ಮೊದಲಾಗುತ್ತದೆ. ಚಾಲಕನ ಕಡೆಯದು ಒಂದು, ರೇಡಿಯೇಟರಿನ ಕಡೆಯದು ಆರು. ಇದನ್ನರಿಯದೆ ಬೇರೆ ಕಾರುಗಳ ರೂಢಿಯಂತೆ ಕಿಡಿಯ ತಂತಿಗಳನ್ನು ಜೋಡಿಸಿ ದಿನವಿಡೀ ಎಂಜಿನ್ ತಿರುಗಿಸುತ್ತ ಕೂತವರ ಕಥೆಗಳು ಎಲ್ಲ ದುರಸ್ತಿ ಶಾಲೆಗಳಲ್ಲಿಯೂ ಕೇಳಿಬರುತ್ತವೆ. ಹೆಡ್ ಕೂಡಿಸುವಾಗ ಇನ್ನೊಂದು ಎಚ್ಚರಿಕೆ ಬೇಕು. ಎರಡು ಕ್ಯಾಮ್ ಶಾಫ್ಟುಗಳಲ್ಲಿ ಒಂದು ಒಳಬರುವ ಕವಾಟಗಳನ್ನೂ ಇನ್ನೊಂದು ಹೊರಹೋಗುವ ಕವಾಟಗಳನ್ನೂ ತೆರೆಯುತ್ತದೆ. ಚೈನು ಕೂಡಿಸುವುದಕ್ಕೆ ಮುಂಚೆ ಒಂದನ್ನು ಬಿಟ್ಟು ಒಂದನ್ನು ಮನಸ್ಸಿಗೆ ಬಂದಂತೆ ತಿರುಗಿಸಿದರೆ ಎರಡೂ ಕಡೆಯ ಕವಾಟಗಳು ಒಂದಕ್ಕೊಂದು ತಾಗಿ ಬಾಗಿಹೋಗುತ್ತವೆ. ಅದಕ್ಕಾಗಿ ಶಾಫ್ಟನ್ನು ಸರಿಯಾದ ನಿಲುವಿನಲ್ಲಿ ಹಿಡಿಯುವ ಒಂದು ಪುಟ್ಟ ಅಳತೆಯ ಉಪಕರಣವನ್ನು ಕಾರ್ಖಾನೆಯವರೇ ರೂಪಿಸಿದ್ದರು. ಹೆಡ್ಡಿನ ನಟ್ಟುಗಳನ್ನು ನಡುವಿನಿಂದ ಅಂಚಿನ ಕಡೆಗೆ, ಒಂದೇ ಸಲಕ್ಕೆ ಅಲ್ಲ, ಹಂತಹಂತವಾಗಿ ಬಿಗಿಯುತ್ತಾರೆ.

ಕೊನೆಗೆ ಎಂಜಿನ್ ಕಾರಿನೊಳಗೆ ಇಳಿಯುತ್ತದೆ. ಕೂಡಲೇ ಕೀಲಿ ತಿರುಗಿಸುವಂತಿಲ್ಲ. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದಿಟ್ಟು, ಭಾರವಿಲ್ಲದಂತೆ ಮಾಡಿ, ಎಣ್ಣೆಯ ಒತ್ತಡ ಮಾಪಕದ ಮುಳ್ಳು ಮೇಲೇಳುವವರೆಗೆ ಸ್ಟಾರ್ಟರಿನಿಂದ ತಿರುಗಿಸಬೇಕು. ಎಣ್ಣೆ ತಲುಪದ ಬೇರಿಂಗಿಗೆ ಮೊದಲ ಕ್ಷಣಗಳೇ ಕಂಟಕ. ಬಿಸಿಯಾದ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಒತ್ತಡ ಚದರಂಗುಲಕ್ಕೆ 40 ಪೌಂಡಿನಷ್ಟು ಇದ್ದರೆ ಒಡೆಯ ನಿಟ್ಟುಸಿರು ಬಿಡಬಹುದು.

ಇಷ್ಟೆಲ್ಲ ಆದ ಮೇಲೂ ಉಳಿಯುವುದು ಆ ಸಂಖ್ಯೆಯ ಪ್ರಶ್ನೆ. ಜಾಗ್ವಾರಿನ ಬ್ಲಾಕಿನ ಬಲ ಮಗ್ಗುಲಲ್ಲಿ, ಎಣ್ಣೆಯ ಫಿಲ್ಟರಿನ ಮೇಲುಗಡೆ ಎಂಜಿನ್ ಸಂಖ್ಯೆಯನ್ನು ಒತ್ತಿರುತ್ತಾರೆ. ಹೆಡ್ಡಿನ ಮುಂಭಾಗದಲ್ಲಿಯೂ ಅದೇ ಇರುತ್ತದೆ. ಕಾರಿನೊಳಗಿನ ಫಲಕದಲ್ಲಿ ಕಾರಿನ ಸಂಖ್ಯೆ, ಎಂಜಿನ್ ಸಂಖ್ಯೆ, ಗೇರುಪೆಟ್ಟಿಗೆಯ ಸಂಖ್ಯೆಗಳನ್ನು ಕೊರೆದಿರುತ್ತಾರೆ. ಜಾಗ್ವಾರ್ ಪರಂಪರೆಯ ಟ್ರಸ್ಟ್ ಕಾರ್ಖಾನೆಯ ಹಳೆಯ ಕಡತಗಳನ್ನು ನೋಡಿ, ಕಾರು ಹುಟ್ಟಿದ ದಿನ ಅದಕ್ಕೆ ಯಾವ ಎಂಜಿನ್ ಕೂಡಿಸಿದ್ದರೆಂದು ಪ್ರಮಾಣಪತ್ರ ಕೊಡುತ್ತದೆ. ಎಲ್ಲವೂ ಹೊಂದಿದ ಕಾರಿಗೆ ಬೆಲೆ ಹೆಚ್ಚು. ಬೆಲೆ ಹೆಚ್ಚಾದ ಕಡೆ ಮೋಸವೂ ಬರುವುದು ಲೋಕದ ರೂಢಿ. ಸೆಡಾನಿನಿಂದ ತಂದ ಬ್ಲಾಕಿನ ಸಂಖ್ಯೆಯನ್ನು ಅರೆದು ಅಳಿಸಿ, ಕಾರಿನ ಫಲಕದಲ್ಲಿರುವ ಸಂಖ್ಯೆಯನ್ನು ಅದರ ಮೇಲೆ ಒತ್ತಿ, ಹುಟ್ಟಿನಿಂದಲೂ ಇದೇ ಎಂಜಿನ್ ಎಂದು ಮಾರುವವರಿದ್ದಾರೆ. ಅನುಭವಿಗಳು ಅಕ್ಷರಗಳ ಆಕಾರ, ಸಾಲಿನ ಓರೆಕೋರೆ, ಅರೆದ ಗೀರುಗಳು ಇವುಗಳಿಂದ ಕಳ್ಳತನವನ್ನು ಹಿಡಿಯುತ್ತಾರೆ. ಹಿಡಿಯಲಾಗದೆ ಮೋಸಹೋಗುವವರೂ ಇದ್ದಾರೆ.

ಕಾರ್ಖಾನೆಯವರೇ ಎರಕ ಹೊಯ್ದ ಹೊಸ ಬ್ಲಾಕಿಗೆ ಬೇರೆಯದೇ ಆದ ಕ್ರಮಸಂಖ್ಯೆ ಇರುತ್ತದೆ. ಹಳೆಯ ಸಂಖ್ಯೆಯೇ ಬೇಕೆನ್ನುವ ಒಡೆಯ ತನ್ನ ಹಳೆಯ ಬ್ಲಾಕನ್ನು ಅವರ ಮುಂದೆ ತಂದು ಪರಿಶೀಲನೆಗೆ ಒಪ್ಪಿಸಬೇಕು. ಈ ಏರ್ಪಾಡು ನಮಗೆ ಹಿಡಿಸಿತು. ಆದರೂ ಹೊಸ ಲೋಹದ ಮೇಲೆ ಹಳೆಯ ಸಂಖ್ಯೆ ಬರುವುದಕ್ಕಿಂತ ಹೊಸ ಸಂಖ್ಯೆಯೇ ಇದ್ದು, ದಾಖಲೆಯಲ್ಲಿ ‘ಬ್ಲಾಕು ಬದಲಾಗಿದೆ’ ಎಂದು ಬರೆದಿರುವುದು ಇನ್ನೂ ಮೇಲೆಂದು ನಮ್ಮ ಅನಿಸಿಕೆ. ತಾನು ಹೊಸೆದ ಹಗ್ಗಕ್ಕೆ ನ್ಯಾಯವಾದ ಬೆಲೆಗಿಂತ ಹೆಚ್ಚಾಗಿ ಬಂದ ಹಣವನ್ನು ಒಲ್ಲೆನೆಂದ ಶರಣ ನುಲಿಯ ಚಂದಯ್ಯನ ಕಥೆಯನ್ನು ಕೇಳಿ ಬೆಳೆದ ಮನೆತನಗಳಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಬ್ಲಾಕನ್ನು ತೊಳೆದು ಅಳೆದು ಕೂಡಿಸಿದವನ ಕಾಯಕಕ್ಕೆ ಬೆಲೆ ಸಲ್ಲಲಿ. ಇಲ್ಲದ ಇತಿಹಾಸಕ್ಕೆ ಬೆಲೆ ಕೇಳುವುದು ಕಾಯಕವಾಗದು.

ಬ್ರಿಟನ್ನಿನ ಕಾನೂನಿನಂತೆ ಎಂಜಿನ್ ಬದಲಿಸಿದವರು ವಾಹನ ನೋಂದಣಿಯ ಇಲಾಖೆಗೆ ತಿಳಿಸಿ ದಾಖಲೆಯನ್ನು ತಿದ್ದಿಸಿಕೊಳ್ಳಬೇಕು. ನಮ್ಮ ದೇಶದಲ್ಲಿ 2021ರಲ್ಲಿ ಜಾರಿಗೆ ಬಂದ ಹಳೆಯ ವಾಹನಗಳ ನಿಯಮಗಳು ಇನ್ನೂ ಬಿಗಿ. ಮೊದಲ ನೋಂದಣಿಯಾಗಿ 50 ವರ್ಷ ಕಳೆದ ಕಾರು ಅಥವಾ ದ್ವಿಚಕ್ರ ವಾಹನವನ್ನು ವಿಂಟೇಜ್ ಎಂದು ‘ವಿ.ಎ.’ ಸರಣಿಯಲ್ಲಿ ನೋಂದಾಯಿಸಬೇಕಾದರೆ ಅದು ಮೂಲರೂಪದಲ್ಲಿ ಇರಬೇಕು. ಚಾಸಿ, ಹೊರಮೈ ಅಥವಾ ಎಂಜಿನ್ನಿನಲ್ಲಿ ಮಾರ್ಪಾಡು ಆಗಿರಬಾರದು. ಅಜ್ಜನ ಕಾಲದ ಕಾರನ್ನು ಹಿತ್ತಲ ಕೊಟ್ಟಿಗೆಯಲ್ಲಿ ಇಟ್ಟುಕೊಂಡಿರುವ ಮನೆಯವರು, ಹಳೆಯ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂಡಿಸುವ ಮುನ್ನ ಈ ನಿಯಮವನ್ನು ಓದಿಕೊಳ್ಳುವುದು ಒಳ್ಳೆಯದು.

ಒಡೆದ ಬ್ಲಾಕಿನ ಗತಿಯೇನು? ತಿಳಿದ ಒಡೆಯರು ಅದನ್ನು ಗುಜರಿಗೆ ಹಾಕುವುದಿಲ್ಲ. ಎಣ್ಣೆ ಸವರಿ, ಗೋಣಿಯಲ್ಲಿ ಸುತ್ತಿ, ಕಾರಿನ ಕೊಟ್ಟಿಗೆಯ ಮೂಲೆಯಲ್ಲಿ ಮರದ ಹಲಗೆಯ ಮೇಲೆ ಇಡುತ್ತಾರೆ. ಕಾರು ಕೈಬದಲಾಗುವ ದಿನ ಕಡತದ ಜೊತೆಯಲ್ಲಿ ಅದೂ ಲಾರಿಯೇರುತ್ತದೆ. ಇಂದು ಹೊಲಿಯಲಾಗದ ಬಿರುಕನ್ನು ಮುಂದೆ ಯಾರಾದರೂ ಹೊಲಿದಾರೆಂಬ ಆಸೆ ಕೆಲವರಿಗೆ. ಉಳಿದವರಿಗೆ, ಆ ಸೀಳಿದ ಗೋಡೆಯ ಪಕ್ಕದಲ್ಲಿ ಇನ್ನೂ ಸ್ಪಷ್ಟವಾಗಿ ಓದಬಹುದಾದ ಆ ಕೆಲವು ಅಂಕಿಗಳೇ ಸಾಕು.